ಅಕ್ಕನೂ ನಾನೂ ದೋಣಿ ಆರಿಸಿದ್ದು

ನಮ್ಮ ಮನೆ ಕಪಿಲೆಯ ಈ ದಡದಲ್ಲಿದೆ, ನಮ್ಮ ಹೂವಿನ ತೋಟ ಆ ದಡದಲ್ಲಿದೆ. ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ ನದಿ ಒಂದು ದೊಡ್ಡ ತಿರುವು ತೆಗೆದುಕೊಳ್ಳುವ ಕಡೆ ನಮ್ಮೂರು. ಹಿತ್ತಿಲ ಬಾಗಿಲಲ್ಲಿ ನಿಂತರೆ ತೋಟದ ಪಂಪ್‌ಸೆಟ್ ಮನೆಯ ಶೀಟು ಬಿಸಿಲಿಗೆ ಹೊಳೆಯುವುದು ಕಾಣುತ್ತದೆ. ಆದರೆ ಸೇತುವೆ ಸುತ್ತಿಕೊಂಡು ಹೋಗಬೇಕೆಂದರೆ ಎರಡು ಬಸ್ಸು ಹತ್ತಿ ಇಳಿದು, ಮೇಲೆ ಒಂದು ಮೈಲಿ ನಡೆಯಬೇಕು. ಅಷ್ಟು ಹೊತ್ತಿಗೆ ಕಾಕಡದ ಮೊಗ್ಗು ಬಿರಿಯಲು ಶುರುವಾಗಿರುತ್ತದೆ. ಬಿರಿದ ಹೂವನ್ನು ಮಾರುಕಟ್ಟೆಯಲ್ಲಿ ಯಾರೂ ಮೂಸಿ ನೋಡುವುದಿಲ್ಲ.

ನಮ್ಮ ಮನೆಯವರಿಗೂ ಅವರ ಅಣ್ಣನಿಗೂ ಪಾಲಾದಾಗ ಈ ಕಡೆಯ ಗದ್ದೆ ಎರಡಾಯಿತು. ಆ ಕಡೆಯ ಒಂದೆಕರೆ ಮಾತ್ರ ಒಟ್ಟಾಗಿಯೇ ಉಳಿಯಿತು. ಅದನ್ನು ನೋಡಿಕೊಂಡು ಬಂದವಳು ನನ್ನ ಓರಗಿತ್ತಿ, ಅಂದರೆ ನನ್ನ ಭಾವನ ಹೆಂಡತಿ. ಮದುವೆಯಾಗಿ ಬಂದ ದಿನದಿಂದ ನಾನು ಅವಳನ್ನು ಅಕ್ಕ ಎಂದೇ ಕರೆಯುವುದು. ನಾನು ಊರಿನ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದೆ. ಭಾನುವಾರ, ಹಬ್ಬದ ರಜೆ, ಬೇಸಿಗೆ ರಜೆ ಬಂದರೆ ಅಕ್ಕನ ಜೊತೆ ಹರಿಗೋಲಿನಲ್ಲಿ ನದಿ ದಾಟಿ ಹೂ ಬಿಡಿಸಲು ಹೋಗುತ್ತಿದ್ದೆ. ನಿವೃತ್ತಿಯಾದ ಮೇಲೆ ದಿನವೂ ಹೋಗತೊಡಗಿದೆ. ಅದೇ ವರ್ಷ ನಮ್ಮನ್ನು ದಾಟಿಸುತ್ತಿದ್ದ ಹರಿಗೋಲಿನ ಅಜ್ಜ, ಇನ್ನು ತೋಳು ಕೇಳುವುದಿಲ್ಲ ಎಂದು ಹುಟ್ಟು ಕೆಳಗಿಟ್ಟು ಮಗಳ ಊರಿಗೆ ಹೋದರು. ಹರಿಗೋಲು ಹಾಕಲು ಬೇರೆ ಯಾರೂ ಮುಂದೆ ಬರಲಿಲ್ಲ.

ದೋಣಿ ಕೊಳ್ಳೋಣ ಎಂದವಳು ಅಕ್ಕ. ಮೋಟಾರಿನ ದೋಣಿ. ನಮ್ಮ ಮನೆಯವರು ಮೊದಲು ನಕ್ಕರು. ಪಂಪ್‌ಸೆಟ್ ರಿಪೇರಿ ಮಾಡಿಯೇ ಆಯಸ್ಸು ಕಳೆದವರು ಅವರು. ಮೋಟಾರು ಎಂದರೆ ಅವರಿಗೆ ನೆಲದ ಮೇಲೆ ಬೋಲ್ಟು ಹಾಕಿ ಕೂರಿಸುವ ವಸ್ತು. ಆದರೆ ಅಕ್ಕ ಹಟದವಳು. ನಮ್ಮೂರಿನಲ್ಲಿ ಮೊಪೆಡ್ ಓಡಿಸಿದ ಮೊದಲ ಹೆಂಗಸು ಅವಳೇ. ಹಿಂದೆ ಹೂವಿನ ಚೀಲ, ಮುಂದೆ ಹುಲ್ಲಿನ ಹೊರೆ ಇಟ್ಟುಕೊಂಡು ಅವಳು ಬರುತ್ತಿದ್ದರೆ ಜಗಲಿಯಲ್ಲಿ ಕೂತ ಗಂಡಸರು ಕಾಲು ಎಳೆದುಕೊಳ್ಳುತ್ತಿದ್ದರು. ಭಾವನಂತೂ ಯಾವತ್ತೂ ಅವಳ ಮಾತಿಗೆ ಎದುರಾಡಿದವರಲ್ಲ. ನೀವಿಬ್ಬರೂ ನೋಡಿ ಯಾವುದಾದರೂ ತನ್ನಿ, ನನಗೆ ದನದ ಕೊಟ್ಟಿಗೆಯೇ ಸಾಕು ಎಂದುಬಿಟ್ಟರು.

ಹೊಸದು ನಮ್ಮ ಕೈಗೆ ಎಟುಕುವಂತಿರಲಿಲ್ಲ. ಅಲ್ಲಿ ಇಲ್ಲಿ ವಿಚಾರಿಸಿದಾಗ ಬಳಸಿದ ದೋಣಿಗಳು ಎರಡು ಗೊತ್ತಾದವು. ಒಂದು ನಂಜನಗೂಡಿನಲ್ಲಿ, ಇನ್ನೊಂದು ತಲಕಾಡಿನ ಹತ್ತಿರ. ಎರಡೂ ಅಲ್ಯೂಮಿನಿಯಂ ದೋಣಿಗಳೇ. ಎರಡಕ್ಕೂ ಹಿಂಬದಿಗೆ ತಗುಲಿಹಾಕುವ ಪೆಟ್ರೋಲ್ ಮೋಟಾರು.

ನಂಜನಗೂಡಿಗೆ ಮೊದಲು ಹೋದೆವು, ನಮ್ಮ ಮನೆಯವರು, ಅಕ್ಕ, ನಾನು. ಯಾವುದೋ ಕೆರೆಯಲ್ಲಿ ಮಕ್ಕಳಿಗೆ ದೋಣಿ ವಿಹಾರ ನಡೆಸಿ, ಅದು ಕೈಗೂಡದೆ ನಿಲ್ಲಿಸಿದ ಒಬ್ಬ ವ್ಯಾಪಾರಿಯ ದೋಣಿ ಅದು. ಅವರ ಸಿಮೆಂಟ್ ಅಂಗಡಿಯ ಹಿಂದೆ ಟಾರ್ಪಾಲಿನ ಕೆಳಗೆ ಮಲಗಿತ್ತು. ಒಳ್ಳೆಯ ಮನುಷ್ಯ. ದೋಣಿ ತೋರಿಸುವುದಕ್ಕೆ ಮೊದಲೇ ಮನೆಯೊಳಗೆ ಕರೆದು ಉಪ್ಪಿಟ್ಟು ಕೊಡಿಸಿದರು. ಆಮೇಲೆ ದೋಣಿಯನ್ನು ನದಿಗೆ ಇಳಿಸಿ, ಮೋಟಾರು ಒಂದೇ ಸಲಕ್ಕೆ ಹತ್ತುವುದಿಲ್ಲ, ನಾಲ್ಕು ಸಲ ಹಗ್ಗ ಎಳೆಯಬೇಕು ಎಂದು ತಾವಾಗಿಯೇ ಹೇಳಿದರು. ನಾಲ್ಕನೆಯ ಸಲಕ್ಕೆ ಹತ್ತಿತು.

ಅದರ ತಳ ನಡುವೆ ಚೂಪಾಗಿ ಕೆಳಕ್ಕೆ ಇಳಿದಿತ್ತು, ಬೊಗಸೆ ಹಿಡಿದಂತೆ. ನೀರನ್ನು ಸೀಳಿಕೊಂಡು ಹೋಗುವಾಗ ಅಲುಗಾಟವೇ ಇಲ್ಲ. ಐದು ನಿಮಿಷವಾಗಿರಲಿಲ್ಲ, ಅಕ್ಕ ಮೋಟಾರಿನ ಹಿಡಿಯನ್ನು ತನಗೆ ಕೊಡಿ ಎಂದಳು. ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತದೆ, ಅದು ಮೊದಲು ಎಲ್ಲರಿಗೂ ಗೊಂದಲ ಎಂದು ವ್ಯಾಪಾರಿ ಎಚ್ಚರಿಸಿದರು. ಎತ್ತಿನ ಗಾಡಿಯನ್ನು ಹಿಂದಕ್ಕೆ ನೂಕುವುದೂ ಹಾಗೇ ಅಲ್ಲವೇ ಎಂದು ಹೇಳಿ ಅಕ್ಕ ಎರಡನೆಯ ತಿರುವಿಗೇ ಅದನ್ನು ಕಲಿತಳು. ಅಲ್ಲಿಂದ ಮುಂದೆ ನಿಧಾನ ಎನ್ನುವುದೇ ಇಲ್ಲ. ಮುಂದೆ ಕೂತಿದ್ದ ನಮ್ಮ ಮನೆಯವರ ಪಂಚೆ ಪೂರ್ತಿ ಒದ್ದೆಯಾಯಿತು. ದಡಕ್ಕೆ ಬಂದ ಮೇಲೆ ಅವಳು ನನ್ನನ್ನು ಪಕ್ಕಕ್ಕೆ ಕರೆದು, ಇನ್ನೊಂದನ್ನು ನೋಡುವುದೇ ಬೇಡ ಎಂದಳು.

ನಾನು ಒಪ್ಪಲಿಲ್ಲ. ಟೀಚರ್ ಬುದ್ಧಿ, ಒಂದನ್ನೇ ನೋಡಿ ನಂಬರು ಕೊಡುವುದು ನನ್ನಿಂದಾಗುವುದಿಲ್ಲ.

ಮುಂದಿನ ವಾರ ತಲಕಾಡಿಗೆ ಹೋದೆವು. ಮರಳು ದಿಬ್ಬಗಳು ಮುಗಿದು ಕಾವೇರಿ ಅಗಲವಾಗಿ ಹರಡಿಕೊಳ್ಳುವ ಕಡೆ ಒಬ್ಬ ಮೀನುಗಾರ ತನ್ನ ದೋಣಿಯನ್ನು ದಡಕ್ಕೆ ಎಳೆದಿಟ್ಟಿದ್ದ. ನಲವತ್ತು ದಾಟಿದವನು, ಮಾತು ಕಡಿಮೆ. ದೊಡ್ಡ ದೋಣಿ ಮಾಡಿಸಿಕೊಂಡಿದ್ದರಿಂದ ಇದು ಬೇಡವಾಗಿತ್ತು. ನೋಡಿದೊಡನೆ ನನಗೆ ಆಶ್ಚರ್ಯವಾಯಿತು. ನಂಜನಗೂಡಿನದೇ ಇಲ್ಲಿಗೆ ಬಂದು ಮಲಗಿದೆಯೇನೋ ಎನ್ನುವಂತಿತ್ತು. ನಮ್ಮ ಮನೆಯವರು ಟೇಪು ಹಿಡಿದು ಅಳೆದರು. ಅದೇ ಹನ್ನೆರಡು ಅಡಿ ಉದ್ದ, ಅದೇ ಅಗಲ, ಕೂರಲು ಅದೇ ಮೂರು ಹಲಗೆ. ಮೂತಿಯ ಹತ್ತಿರ ಅಂಥದೇ ಒಂದು ತಗ್ಗು. ಬೆಲೆಯೂ ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸ ಕಾಣಬೇಕಾದರೆ ಬಗ್ಗಿ ಕೆಳಗೆ ನೋಡಬೇಕು. ಇದರ ತಳ ರೊಟ್ಟಿ ಹೆಂಚಿನಂತೆ ಚಪ್ಪಟೆ. ನೀರಿಗಿಳಿಯುವ, ಮೋಟಾರಿನ ಫ್ಯಾನು ಇರುವ ಕಾಲೂ ಒಂದು ಗೇಣು ಗಿಡ್ಡ.

ಆತ ತಾನೇ ಬೆರಳಿಟ್ಟು ಒಂದು ಜಾಗ ತೋರಿಸಿದ. “ಇಲ್ಲೊಂದು ರಿವೀಟ್ ತಾವ ನೀರು ಒಸರ್ತದೆ ಸಾ. ದಿನುಕ್ಕೆ ಒಂದು ಚೊಂಬು, ಅಷ್ಟೇಯ. ಮೊದ್ಲೇ ಯೋಳ್ಬುಡ್ತೀನಿ, ಆಮೇಲೆ ನೀವು ಬೈಕಬಾರ್ದು.”

ನಮ್ಮ ಮನೆಯವರಿಗೆ ಆ ಮಾತು ಹಿಡಿಸಿತು. ಒಸರುವುದನ್ನು ತಾವೇ ನಿಲ್ಲಿಸುವುದಾಗಿ ಹೇಳಿದರು.

ನೀರಿಗಿಳಿದಾಗ ಬೇರೆಯೇ ಅನುಭವ. ದೋಣಿ ನೀರಿನ ಮೇಲೆ ಕೂತಂತೆ ಇತ್ತು, ಒಳಗೆ ಇಳಿಯಲೇ ಇಲ್ಲ. ಮೊಣಕಾಲುದ್ದದ ನೀರಿನಲ್ಲೂ ಸಲೀಸಾಗಿ ಹೋಯಿತು. ಆದರೆ ಅಲೆ ಬಂದಾಗೆಲ್ಲ ಪಾದದ ಕೆಳಗೇ ಟಪ್ ಟಪ್ ಎಂದು ತಗಡು ಬಡಿಯುತ್ತಿತ್ತು. ಹಿಡಿ ಬೇಕೇ ಎಂದು ಮೀನುಗಾರ ಕೇಳಿದ್ದಕ್ಕೆ ಅಕ್ಕ ಬೇಡ ಎಂದು ತಲೆಯಾಡಿಸಿದಳು. ಎರಡೂ ಕೈಯಲ್ಲಿ ಹಲಗೆಯ ಅಂಚು ಹಿಡಿದು, ಎದುರಿನ ದಡವನ್ನೇ ನೋಡುತ್ತ ಕೂತಳು. ದೋಣಿ ಅವಳಿಗೆ ಒಪ್ಪಿಗೆಯಾಗಿಲ್ಲ, ಅದಕ್ಕೇ ಮುಖ ಬಿಗಿದುಕೊಂಡಿದ್ದಾಳೆ ಎಂದುಕೊಂಡೆ.

ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು ಎರಡೂ ದೋಣಿಗಳ ಗುಣದೋಷ ಬರೆದೆ. ನಂಜನಗೂಡಿನದಕ್ಕೆ ಮೋಟಾರು ತಡ, ತಲಕಾಡಿನದಕ್ಕೆ ನೀರು ಒಸರುವುದು. ಇದು ಅಲುಗುವುದಿಲ್ಲ, ಅದು ದಡದವರೆಗೂ ಬರುತ್ತದೆ. ಎಷ್ಟು ಬರೆದರೂ ಎರಡು ಕಡೆಯೂ ಸಮವಾಗುತ್ತಿತ್ತು. ಆದರೂ ನನ್ನ ಮನಸ್ಸು ಚಪ್ಪಟೆ ತಳದ ಕಡೆಗೇ ವಾಲಿತ್ತು. ಬೇಸಿಗೆಯಲ್ಲಿ ನಮ್ಮೂರ ಹತ್ತಿರ ಕಪಿಲೆಯಲ್ಲಿ ಮರಳಿನ ದಿಣ್ಣೆ ಎಲ್ಲೆಲ್ಲಿ ಏಳುತ್ತದೆ ಎಂದು ಹೇಳಲಾಗುವುದಿಲ್ಲ. ಮಳೆಗಾಲದಲ್ಲಿ ಮೇಲಿನ ಡ್ಯಾಮಿನಿಂದ ನೀರು ಬಿಟ್ಟರೆ ಯಾವ ದೋಣಿಯಲ್ಲೂ ದಾಟುವಂತಿಲ್ಲ. ಹಾಗಾದರೆ ನಾವು ಕೊಳ್ಳಬೇಕಾದ್ದು ಕಡಿಮೆ ನೀರಿನ ದೋಣಿಯನ್ನೇ ಅಲ್ಲವೇ?

ಇದನ್ನೇ ಅಕ್ಕನಿಗೆ ವಿವರಿಸಿದೆ. ಅವಳು ಹೂ ಕಟ್ಟುವುದನ್ನು ನಿಲ್ಲಿಸದೆ, ನಂಜನಗೂಡಿನದಾದರೆ ತರೋಣ, ಇಲ್ಲದಿದ್ದರೆ ದೋಣಿಯೇ ಬೇಡ ಎಂದಳು. ಕಾರಣ ಕೇಳಿದೆ. ಅದು ಬೇಗ ಹೋಗುತ್ತದೆ ಎಂದಳು. ಬೇಗ ಹೋಗಿ ಮರಳಿನಲ್ಲಿ ಸಿಕ್ಕಿಹಾಕಿಕೊಂಡರೆ ಏನು ಬಂತು ಎಂದೆ. ನನ್ನ ದನಿಯಲ್ಲಿ ತರಗತಿಯ ಗತ್ತು ಬಂದಿರಬೇಕು. ಅವಳು ಎದ್ದು ಒಳಗೆ ಹೋದಳು. ಅದಾದ ಮೇಲೆ ಎರಡು ದಿನ ನಮ್ಮಿಬ್ಬರ ನಡುವೆ ಸಾರು, ಸೊಪ್ಪು, ಹಾಲು ಎಲ್ಲದರ ಮಾತೂ ಇತ್ತು, ದೋಣಿಯದು ಮಾತ್ರ ಇರಲಿಲ್ಲ. ಅಷ್ಟು ವರ್ಷದಲ್ಲಿ ನಾವು ಮುನಿಸಿಕೊಂಡಿದ್ದೇ ಕಡಿಮೆ. ನನಗೆ ಊಟ ರುಚಿಸಲಿಲ್ಲ.

ಕೊನೆಗೆ ನಮ್ಮ ಮನೆಯವರೇ ಒಂದು ದಾರಿ ಹುಡುಕಿದರು. ನಂಜನಗೂಡಿನ ದೋಣಿಯನ್ನು ನಮ್ಮ ನದಿಯ ಜಾಗದಲ್ಲೇ ಇಳಿಸಿ ನೋಡೋಣ ಎಂದು ವ್ಯಾಪಾರಿಗೆ ಫೋನು ಮಾಡಿದರು. ಅವರು ಬೇಸರಪಡದೆ ಲಗೇಜ್ ಗಾಡಿಯ ಮೇಲೆ ಹೇರಿಸಿಕೊಂಡು ಬಂದರು. ಏಪ್ರಿಲ್ ತಿಂಗಳು, ನೀರು ಇಳಿದಿತ್ತು. ವ್ಯಾಪಾರಿ ಮೋಟಾರು ಹಿಡಿದರು. ಅಕ್ಕ, ನಾನು ನಡುವಿನ ಹಲಗೆಯ ಮೇಲೆ ಕೂತೆವು. ನಮ್ಮ ಮನೆಯವರು ದಡದಲ್ಲೇ ನಿಂತರು.

ಮುಕ್ಕಾಲು ನದಿ ಚೆನ್ನಾಗಿಯೇ ದಾಟಿತು. ಆ ದಡ ಇನ್ನೇನು ನಲವತ್ತು ಅಡಿ ಇದೆ ಎನ್ನುವಾಗ ಕೆಳಗೆ ಕರಕರ ಎಂದು ಸದ್ದಾಗಿ, ದೋಣಿ ಗಕ್ಕನೆ ನಿಂತು ಒಂದು ಕಡೆಗೆ ವಾಲಿತು. ಮೋಟಾರಿನ ಕಾಲು ಮರಳಿಗೆ ಹೂತುಹೋಗಿತ್ತು. ಅಪಾಯ ಏನೂ ಇರಲಿಲ್ಲ. ನೀರು ತೊಡೆಯವರೆಗೂ ಬರುತ್ತಿರಲಿಲ್ಲ. ಆದರೆ ಅಕ್ಕನ ಕೈ ನನ್ನ ರಟ್ಟೆಯನ್ನು ಹಿಡಿದಿತ್ತು. ಉಗುರು ಚರ್ಮಕ್ಕೆ ನಾಟುವಷ್ಟು ಬಿಗಿಯಾಗಿ. ತಿರುಗಿ ನೋಡಿದರೆ ಅವಳ ಮುಖದಲ್ಲಿ ರಕ್ತವೇ ಇಲ್ಲ. ಕಣ್ಣು ಮುಚ್ಚಿಕೊಂಡಿದ್ದಳು, ತುಟಿ ಮಾತ್ರ ಅಲುಗುತ್ತಿತ್ತು.

ಮೊಪೆಡ್ಡಿನ ಅಕ್ಕನನ್ನು ನಾನು ಹಾಗೆ ನೋಡಿದ್ದೇ ಇಲ್ಲ.

ವ್ಯಾಪಾರಿ ನೀರಿಗಿಳಿದು ದೋಣಿಯನ್ನು ನೂಕಿ ನೆಟ್ಟಗೆ ಮಾಡಿದರು. ನಾನು ಸೆರಗು ಸಿಕ್ಕಿಸಿ ಇಳಿದು, ಅವಳ ಸೊಂಟಕ್ಕೆ ಕೈಹಾಕಿ ದಡಕ್ಕೆ ನಡೆಸಿಕೊಂಡು ಹೋದೆ. ಪಂಪ್‌ಸೆಟ್ ಮನೆಯ ನೆರಳಿನಲ್ಲಿ ಕೂರಿಸಿ, ಕೊಳವೆಯ ನೀರು ಹಿಡಿದು ಕುಡಿಸಿದೆ. ಆಮೇಲೆ ಅವಳೇ ಹೇಳಲು ಶುರುಮಾಡಿದಳು.

ಹುಲ್ಲಹಳ್ಳಿ ಕಡೆ ಅವಳ ತವರು. ಹತ್ತು ವರ್ಷದವಳಿದ್ದಾಗ ಮದುವೆ ದಿಬ್ಬಣದ ಜೊತೆ ಹರಿಗೋಲಿನಲ್ಲಿ ಹೊಳೆ ದಾಟುವಾಗ ಸುಳಿಗೆ ಸಿಕ್ಕಿತಂತೆ. ಹರಿಗೋಲು ಬುಗುರಿಯ ಹಾಗೆ ತಿರುಗಿದೆ. ಕೆಳಗಿನ ತೊಗಲಿನ ಮೂಲಕ ಹೊಳೆ ಅವಳ ಪಾದವನ್ನು ನೂಕುತ್ತಿದ್ದದ್ದು ಅವಳಿಗೆ ಇವತ್ತಿಗೂ ನೆನಪಿದೆ. ಎಷ್ಟೋ ಸುತ್ತು ತಿರುಗಿ ಅದು ತಾನಾಗಿಯೇ ದಡಕ್ಕೆ ಹತ್ತಿದೆ. ಎಲ್ಲರೂ ಇಳಿದು, ಒದ್ದೆ ಬಟ್ಟೆ ಹಿಂಡಿಕೊಂಡು, ನಗುತ್ತ ಮದುವೆಮನೆಗೆ ಹೋಗಿ ಉಂಡಿದ್ದಾರೆ.

“ಯಾರ್ಗೂ ಏನೂ ಆಗ್ಲಿಲ್ವಲ್ಲಮ್ಮಿ,” ಎಂದಳು ಅಕ್ಕ. “ಯಾರಾದ್ರೂ ಮುಳುಗಿದ್ರೆ ಯೋಳ್ಕಬೋದಿತ್ತು. ಎಲ್ರೂ ನಗ್ತಿದ್ರು. ನಾನೂ ನಗ್ದೆ.”

ಹಾಗಾದರೆ ಇಷ್ಟು ವರ್ಷ ದಿನವೂ ಹೇಗೆ ದಾಟಿದೆ ಎಂದು ಕೇಳಿದೆ. ಹೂ ಕಾಯುತ್ತದೆಯೇ, ದಾಟಲೇಬೇಕಿತ್ತಲ್ಲ ಎಂದಳು. ನೀರಿಗೆ ಬೆನ್ನು ಹಾಕಿ ಕೂರುತ್ತಿದ್ದಳು. ನಾನು ಜೊತೆಗಿದ್ದ ದಿನ ಶಾಲೆಯಲ್ಲಿ ಏನಾಯಿತು ಹೇಳು, ಹೆಡ್‌ಮಾಸ್ಟರು ಏನಂದರು ಹೇಳು ಎಂದು ಪೀಡಿಸುತ್ತಿದ್ದಳು. ನಾನು ಉತ್ಸಾಹದಿಂದ ಎಲ್ಲವನ್ನೂ ಬಣ್ಣಿಸುತ್ತಿದ್ದೆ. ಅಷ್ಟು ವರ್ಷವೂ ನನ್ನ ಮಾತುಗಾರಿಕೆಗೆ ಅವಳು ಮರುಳಾಗಿದ್ದಾಳೆ ಎಂದೇ ನಾನು ತಿಳಿದಿದ್ದೆ. ಅವಳು ಒಂದು ಮಾತನ್ನೂ ಸರಿಯಾಗಿ ಕೇಳಿಸಿಕೊಂಡಿರಲಿಲ್ಲವಂತೆ. ಅದನ್ನು ಹೇಳುವಾಗ ಅವಳಿಗೆ ನಗು ಬಂತು, ನನಗೂ ಬಂತು. ಆದರೆ ನನ್ನ ಒಳಗೆ ನಾಚಿಕೆಯೂ ಆಯಿತು. ಮಕ್ಕಳ ಮುಖ ನೋಡಿ ಯಾರಿಗೆ ಹೊಟ್ಟೆನೋವು, ಯಾರು ಊಟ ಮಾಡಿಲ್ಲ ಎಂದು ಕಂಡುಹಿಡಿಯುತ್ತಿದ್ದವಳು ನಾನು. ಮೊಣಕಾಲಿಗೆ ಮೊಣಕಾಲು ತಗುಲಿಸಿಕೊಂಡು ಕೂತ ಅಕ್ಕನ ಭಯ ಒಂದು ದಿನವೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಬೇಗ ಹೋಗುವ ದೋಣಿ ಏಕೆ ಬೇಕಿತ್ತು ಎನ್ನುವುದು ಈಗ ಅರ್ಥವಾಯಿತು. ದಾಟುವುದು ಬೇಗ ಮುಗಿಯಲಿ ಎಂದು. ಚಪ್ಪಟೆ ದೋಣಿ ಏಕೆ ಬೇಡವಾಯಿತು ಎನ್ನುವುದೂ ಅರ್ಥವಾಯಿತು. ಪಾದದ ಕೆಳಗೆ ಬಡಿಯುತ್ತಿದ್ದ ಆ ಟಪ್ ಟಪ್.

“ಅಕ್ಕ, ದೋಣಿಯೇ ಬೇಡ ಬಿಡು. ಬಸ್ಸಲ್ಲಿ ಹೋಗೋಣ. ಹೂ ತೆಗೆದು ಬೇರೆ ಏನಾದರೂ ಹಾಕೋಣ,” ಎಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ತೋಟದ ಕಡೆ ನೋಡಿದಳು. “ಇಷ್ಟು ವರ್ಸ ದಾಟಿವ್ನಿ, ಈಗ್ಯಾಕೆ ಬುಡನ? ಮಳ್ಳಲ್ಲಿ ಸಿಗಾಕಳ ದೋಣಿ ನಮಗೆ ಆಗಾಕಿಲ್ಲ, ಅದು ನನ್ಗೂ ಕಾಣ್ತದೆ. ಆ ಚಪ್ಪಟೇದೆ ಇರ್ಲಿ. ಆದ್ರೆ ಅದು ಬಡ್ಕಬಾರ್ದು ಕಣಮ್ಮಿ. ಆ ಸದ್ದೊಂದು ಹೋದ್ರೆ ನಾನು ಓಡುಸ್ತೀನಿ.”

ಈ ದಡಕ್ಕೆ ಮರಳಿದ ಮೇಲೂ ನಂಜನಗೂಡಿನ ವ್ಯಾಪಾರಿಗೆ ಹೇಗೆ ಹೇಳುವುದೆಂದು ನಾನು ಅಳುಕುತ್ತಿದ್ದೆ. ಅಷ್ಟು ದೂರದಿಂದ ದೋಣಿ ತಂದಿದ್ದರು, ಪ್ಯಾಂಟೆಲ್ಲ ಮರಳಾಗಿತ್ತು. ಅವರೇ ಮೊದಲು ಮಾತೆತ್ತಿದರು. ಇದು ಆಳದ ನೀರಿನ ದೋಣಿ, ನಿಮಗೆ ಕೊಟ್ಟರೆ ನನಗೇ ಪಾಪ ಸುತ್ತಿಕೊಳ್ಳುತ್ತದೆ, ಡ್ಯಾಮಿನ ಹಿನ್ನೀರಿನವರು ಯಾರಾದರೂ ಒಯ್ಯುತ್ತಾರೆ ಎಂದರು. ಅವರಿಗೆ ಊಟಕ್ಕೆ ಹಾಕಿ, ಎರಡು ಮೊಳ ಹೂ ಕೊಟ್ಟು ಕಳಿಸಿದೆವು.

ಸದ್ದಿಗೆ ಉಪಾಯ ಹೇಳಿದವರು ಯಾರೂ ನಿರೀಕ್ಷಿಸದ ಭಾವ. ಸಂಜೆ ಕೊಟ್ಟಿಗೆಯಿಂದ ಬಂದು ಎಲ್ಲ ಕೇಳಿಸಿಕೊಂಡರು. ಹೆಂಡತಿಯನ್ನು ಒಂದು ಗಳಿಗೆ ನೋಡಿದರು. ಒಳಗೆ ಹೋಗಿ, ಹಸುಗಳ ಕಾಲಡಿಗೆ ಹಾಸಲು ತಂದಿದ್ದ ದಪ್ಪ ರಬ್ಬರ್ ಹಾಸುಗಳಲ್ಲಿ ಇನ್ನೂ ಬಿಚ್ಚದಿದ್ದ ಎರಡನ್ನು ತಂದು ಜಗಲಿಯ ಮೇಲೆ ಇಟ್ಟರು. ಇದನ್ನು ಹಾಸಿದ ಮೇಲೆ ನಮ್ಮ ಹಸು ಒದ್ದರೂ ಕೇಳುವುದಿಲ್ಲ ಎಂದರು.

ಮಾರನೆಯ ದಿನ ಅಕ್ಕ, ನಾನು ಇಬ್ಬರೇ ಆ ಹಾಸುಗಳನ್ನು ಸುರುಳಿ ಸುತ್ತಿ, ಹಗ್ಗ ಬಿಗಿದು, ನರಸೀಪುರದಲ್ಲಿ ಬಸ್ಸು ಬದಲಿಸಿ ತಲಕಾಡಿಗೆ ಹೊರಟೆವು. ಒಂದೊಂದೂ ಕಲ್ಲಿನಂತೆ ಭಾರ. ಕಂಡಕ್ಟರು ಇದೇನಮ್ಮಾ ಎಂದು ಕೇಳಿದ. ಹಸುವಿನ ಹಾಸಿಗೆ ಎಂದಳು ಅಕ್ಕ. ಹಸು ಎಲ್ಲಿ ಎಂದ. ಹಸುವಿಗಲ್ಲ, ನಮಗೇ ಎಂದಳು. ಅವನು ಇನ್ನೇನೂ ಕೇಳದೆ ಲಗೇಜ್ ಟಿಕೆಟ್ ಹರಿದುಕೊಟ್ಟ. ಬಸ್ಸಿನಲ್ಲಿದ್ದ ಯಾತ್ರೆಯವರು ನಮ್ಮನ್ನೇ ನೋಡುತ್ತಿದ್ದರು.

ಮೀನುಗಾರ ಹಾಸುಗಳನ್ನು ದೋಣಿಯ ತಳಕ್ಕೆ ಬಿಡಿಸಿ, ಅಂಚುಗಳನ್ನು ಚಾಕುವಿನಿಂದ ಕತ್ತರಿಸಿ, ಮೇಲೆ ಎರಡು ಬಿದಿರಿನ ದಬ್ಬೆ ಅಡ್ಡ ಸಿಕ್ಕಿಸಿದ. ಲೈಫ್ ಜಾಕೆಟ್ ಕೊಟ್ಟ. ಅಕ್ಕ ಸೀರೆಯ ಮೇಲೆ ಅದನ್ನು ಹಾಕಿಕೊಂಡು ಬಿಗಿಯಾಗಿ ಕಟ್ಟಿಸಿಕೊಂಡಳು. ಕಾವೇರಿಯ ನಡುವೆ ಬಂದಾಗ ಮೋಟಾರು ನಿಲ್ಲಿಸಲು ಹೇಳಿದಳು. ದೋಣಿ ತಾನಾಗಿ ತೇಲತೊಡಗಿತು. ಅಲೆ ಬಂದು ತಗುಲಿದಾಗ ಕೆಳಗಿನಿಂದ ಮಂದವಾಗಿ ದುಮ್ಮ್ ಎಂದಿತು, ತುಂಬಿದ ಗೋಣಿಚೀಲಕ್ಕೆ ಗುದ್ದಿದ ಹಾಗೆ. ಇನ್ನೊಂದು ಅಲೆ. ಮತ್ತೊಂದು. ಅಕ್ಕ ಚಪ್ಪಲಿ ಕಳಚಿ ಬರಿಗಾಲನ್ನು ರಬ್ಬರಿನ ಮೇಲೆ ಊರಿ ಕೂತಿದ್ದಳು. ನಾನು ಏನಾದರೂ ಮಾತಾಡಬೇಕು ಎಂದುಕೊಂಡೆ, ಅವಳೇ ಬೇಡ ಎಂದು ಕೈ ಮಾಡಿದಳು.

ಸ್ವಲ್ಪ ಹೊತ್ತಾದ ಮೇಲೆ ಹಿಂದಿನ ಹಲಗೆಗೆ ಹೋಗಿ ಹಿಡಿ ಹಿಡಿದಳು. “ಎಳೀರಪ್ಪ ಹಗ್ಗ,” ಎಂದಳು ಮೀನುಗಾರನಿಗೆ.

ದೋಣಿ ನಮ್ಮೂರಿಗೆ ಬಂದು ಈಗ ಒಂದೂವರೆ ವರ್ಷವಾಯಿತು. ಒಸರುತ್ತಿದ್ದ ರಿವೀಟನ್ನು ನಮ್ಮ ಮನೆಯವರು ಮೊದಲ ವಾರವೇ ಸರಿ ಮಾಡಿದರು. ಮೋಟಾರನ್ನೂ ಪೂರ್ತಿ ಬಿಚ್ಚಿ ಜೋಡಿಸಿದರು, ಅದಕ್ಕೆ ಏನೂ ಆಗಿರದಿದ್ದರೂ. ಬೆಳಗ್ಗೆ ಆರಕ್ಕೆ ಅಕ್ಕನೇ ಓಡಿಸುತ್ತಾಳೆ, ನಾನು ಮುಂದೆ ಕೂತು ಮರಳು ಎಲ್ಲಿ ಎದ್ದಿದೆ ಎಂದು ಹೇಳುತ್ತೇನೆ. ಹಿಡಿ ತನ್ನ ಕೈಯಲ್ಲಿದ್ದರೆ ಹೆದರಿಕೆ ಅರ್ಧ ಎನ್ನುತ್ತಾಳೆ. ಪೂರ್ತಿ ಹೋಗಿಲ್ಲ. ಗಾಳಿ ಜೋರಾದ ದಿನ ಅವಳು ಬರುವುದಿಲ್ಲ ಎಂದು ನೇರವಾಗಿ ಹೇಳಿಬಿಡುತ್ತಾಳೆ, ಅವತ್ತು ನಾವು ಬಸ್ಸಿಗೆ ಹೋಗುತ್ತೇವೆ. ಮೊದಲಾಗಿದ್ದರೆ ಅದನ್ನೂ ನುಂಗಿಕೊಂಡು ಬರುತ್ತಿದ್ದಳು.

ಮಳೆಗಾಲದಲ್ಲಿ ನದಿ ತುಂಬಿ ಬಂದರೆ ದೋಣಿಯನ್ನು ಹಿತ್ತಿಲಿಗೆ ಎಳೆದು ಬೋರಲು ಹಾಕುತ್ತೇವೆ. ಕೋಳಿಗಳು ಅದರ ಕೆಳಗೆ ಸೇರಿಕೊಂಡು ಮೊಟ್ಟೆ ಇಡುತ್ತವೆ. ಈ ಸಲ ನೀರು ಇಳಿದ ಮೇಲೆ ಅದನ್ನು ನದಿಗೆ ಒಯ್ಯುವ ಮುಂಚೆ ಅಕ್ಕ ಒಂದು ಬಕೀಟು ನೀರು, ಬೂದಿ, ಹುಣಸೆಹಣ್ಣು ತೆಗೆದುಕೊಂಡು ಬಂದಳು. ಇಷ್ಟು ದೊಡ್ಡ ಪಾತ್ರೆಯನ್ನು ಯಾವಾಗ ಉಜ್ಜಿ ಮುಗಿಸುವುದು ಎಂದೆ. ನೀನು ಆ ಕಡೆಯಿಂದ ಶುರುಮಾಡು ಎಂದು ತೆಂಗಿನನಾರು ಕೈಗೆ ಕೊಟ್ಟಳು. ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯಿತು.